ಹೌದಾ ಟೀಚರ್ ಮತ್ತು ಕಾಣೆಯಾದ ಒಂಟೆಲೆ

ಮಕ್ಕಳು ಅವಳಿಗೆ ಇಟ್ಟಿದ್ದ ಅಡ್ಡಹೆಸರು ಹೌದಾ ಟೀಚರ್. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಆಕೆ ಯಾರು ಏನೇ ಹೇಳಿದರೂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು "ಹೌದಾ?" ಎಂದು ಕೇಳುತ್ತಿದ್ದಳು. ಮರದ ಬೇರು ನೀರು ಹೀರುತ್ತದೆ ಎಂದರೂ "ಹೌದಾ?", ಹೊಟ್ಟೆ ನೋವು, ಮನೆಗೆ ಹೋಗಬೇಕು ಎಂದರೂ "ಹೌದಾ?". ಆ ಒಂದು ಮಾತಿಗೆ ಅರ್ಧದಷ್ಟು ಹೊಟ್ಟೆನೋವು ನಿಂತ ಜಾಗದಲ್ಲೇ ವಾಸಿಯಾಗುತ್ತಿತ್ತು. ಉಳಿದವರನ್ನು ಆಕೆಯೇ ಕೈಹಿಡಿದು ಗೇಟಿನ ತನಕ ಕರೆದುಕೊಂಡು ಹೋಗುತ್ತಿದ್ದಳು.

ಈ ಅನುಮಾನ ಹುಟ್ಟಿನಿಂದ ಬಂದದ್ದಲ್ಲ. ಅವಳಿಗೆ ಒಂಬತ್ತು ವರ್ಷವಿದ್ದಾಗ ತಂಗಿಗೆ ಕೆಮ್ಮು ಹಿಡಿಯಿತು. ಬೀದಿಯ ಕೊನೆಯ ಮನೆಯ ಅಜ್ಜಿ ಒಂದು ಹಿಡಿ ಎಲೆ ತಂದುಕೊಟ್ಟು, ಕುದಿಸಿ ಕುಡಿಸಿ, ಸಂಜೆಯೊಳಗೆ ಎದ್ದು ಆಡುತ್ತಾಳೆ ಎಂದಿದ್ದಳು. ಸಂಜೆಯೊಳಗೆ ತಂಗಿ, ಕಣ್ಣಿನ ಪಾಪೆ ಹಿಗ್ಗಿ, ನಾಲಿಗೆ ಒಣಗಿ, ಇಲ್ಲದ ಬೆಕ್ಕೊಂದನ್ನು ಗೋಡೆಯ ಮೇಲೆ ತೋರಿಸಿ ಕಿರುಚತೊಡಗಿದಳು. ಆಸ್ಪತ್ರೆಯಲ್ಲಿ ಡಾಕ್ಟರು "ಯಾವ ಎಲೆ?" ಎಂದು ಕೇಳಿದರೆ ಉತ್ತರ ಹೇಳುವವರೇ ಇಲ್ಲ. ಒಂಬತ್ತು ವರ್ಷದ ಅಕ್ಕ ಮನೆಗೆ ಓಡಿ, ಕಸದ ಬುಟ್ಟಿ ಕೆದಕಿ, ಕುದಿಯದೆ ಉಳಿದಿದ್ದ ಒಂದು ಎಲೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಳು. ಡಾಕ್ಟರು ಎಲೆಯ ಬೆನ್ನು ತಿರುಗಿಸಿ ನೋಡಿ, "ಕೆಮ್ಮಿನ ಎಲೆಗೆ ಇಲ್ಲಿ ರೋಮ ಇರುತ್ತೆ. ಇದಕ್ಕಿಲ್ಲ. ಅಷ್ಟೇ ವ್ಯತ್ಯಾಸ" ಎಂದರು. ತಂಗಿ ಮೂರನೆಯ ದಿನಕ್ಕೆ ಎದ್ದು ಕೂತಳು. ಅಜ್ಜಿ ಮೂರು ದಿನವೂ ಆಸ್ಪತ್ರೆಯ ಬಾಗಿಲಲ್ಲಿ ಕೂತು ಅತ್ತಿದ್ದಳು. ಅವಳಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ ಎನ್ನುವುದೇ ಹುಡುಗಿಯನ್ನು ಹೆಚ್ಚು ಹೆದರಿಸಿದ್ದು. ಕೆಟ್ಟವರನ್ನು ದೂರ ಇಡಬಹುದು. ಪ್ರೀತಿಯಿಂದ ತಪ್ಪು ಎಲೆ ಕೊಡುವವರನ್ನು ಏನು ಮಾಡುವುದು?

ಅಂದಿನಿಂದ ಅವಳು ಎಲೆಗಳ ಬೆನ್ನು ನೋಡುತ್ತಲೇ ಬೆಳೆದಳು. ಸಸ್ಯಶಾಸ್ತ್ರ ಓದಿದಳು, ಟೀಚರ್ ಆದಳು. ಶಾಲೆಯ ಕೊನೆಯ ಕೋಣೆ ಅವಳ ಲ್ಯಾಬು. ಅಲ್ಲಿ ಗಾಜಿನ ಭರಣಿಗಳಲ್ಲಿ ಬಣ್ಣ ಕಳೆದುಕೊಂಡ ಕಪ್ಪೆಗಳು, ಒಂದು ಕಾಲು ಕುಂಟುವ ಸೂಕ್ಷ್ಮದರ್ಶಕ, ಗೋಡೆಯುದ್ದಕ್ಕೂ ಹಳೆಯ ಪತ್ರಿಕೆಗಳ ನಡುವೆ ಒತ್ತಿಟ್ಟ ಎಲೆಗಳ ಕಟ್ಟುಗಳು ಇದ್ದವು. ಬಾಗಿಲು ತೆರೆದರೆ ಒಣಗಿದ ಹುಲ್ಲು ಮತ್ತು ಫಾರ್ಮಲಿನ್ ಒಟ್ಟಿಗೇ ಮೂಗಿಗೆ ಬಡಿಯುತ್ತಿದ್ದವು.

ಮದುವೆಯೂ ಅನುಮಾನದಿಂದಲೇ ಆದದ್ದು. ರಸ್ತೆ ಇಲಾಖೆಯಲ್ಲಿ ನಕ್ಷೆ ಬರೆಯುವ ಒಬ್ಬ ಸಣಕಲು ಯುವಕ ಶಾಲೆಯ ಕಾಂಪೌಂಡು ಅಳೆಯಲು ಬಂದಿದ್ದ. ಕಿಟಕಿಯಿಂದ ನೋಡುತ್ತಿದ್ದ ಇವಳು ಹೊರಗೆ ಬಂದು, "ನಿಮ್ಮ ಟೇಪು ಜೋತು ಬಿದ್ದಿದೆ. ಅಳತೆ ಜಾಸ್ತಿ ಬರುತ್ತೆ" ಎಂದಳು. ಅವನು ನಕ್ಕು, ಎಳೆದು ಹಿಡಿದು ಮತ್ತೆ ಅಳೆದ. ನಾಲ್ಕು ಬೆರಳು ಕಡಿಮೆ ಬಂತು. "ಇಷ್ಟು ವರ್ಷದಲ್ಲಿ ನನ್ನ ಅಳತೇನ ಯಾರೂ ತಿದ್ದಿರಲಿಲ್ಲ" ಎಂದ. "ತಿದ್ದಿಸಿಕೊಂಡು ನಕ್ಕವರೂ ಯಾರೂ ಇಲ್ಲ" ಎಂದಳು ಅವಳು. ಮುಂದಿನ ವರ್ಷ ಇಬ್ಬರೂ ಒಂದೇ ಮನೆಯಲ್ಲಿದ್ದರು. ಮಕ್ಕಳಾಗಲಿಲ್ಲ. ಅದಕ್ಕಾಗಿ ಇಬ್ಬರೂ ಕೆಲವು ವರ್ಷ ಕೊರಗಿ, ಆಮೇಲೆ ಪುಸ್ತಕಕ್ಕೆ ಕೈಹಾಕಿದರು.

ಊರಿನ ಸುತ್ತ ನಡೆದು ಹೋಗಿ ಬರುವಷ್ಟು ದೂರದಲ್ಲಿ ತಾನಾಗಿಯೇ ಬೆಳೆಯುವ ಗಿಡಗಳೆಲ್ಲ ಆ ಪುಸ್ತಕದಲ್ಲಿರಬೇಕು ಎನ್ನುವುದು ಅವಳ ಹಟ. ಹತ್ತೊಂಬತ್ತು ವರ್ಷ ಹಿಡಿಯಿತು. ಮುನ್ನೂರ ಹನ್ನೆರಡು ಗಿಡಗಳು. ವಿವರ ಅವಳದು, ನಕ್ಷೆಗಳು ಗಂಡನದು, ಫೋಟೊಗಳು ಸ್ಟುಡಿಯೋ ಇಟ್ಟುಕೊಂಡಿದ್ದ ತಂಗಿಯ ಗಂಡನದು. ಪ್ರತಿ ಗಿಡಕ್ಕೂ ಒಂದು ಪುಟ್ಟ ನಕ್ಷೆ, ಇಂಥ ಕಲ್ಲಿನಿಂದ ಪೂರ್ವಕ್ಕೆ ಇಷ್ಟು ಹೆಜ್ಜೆ ಎಂಬ ಲೆಕ್ಕ. ಅವಳ ಹಳೆಯ ವಿದ್ಯಾರ್ಥಿಯೊಬ್ಬ ನರ್ಸರಿ ನಡೆಸುತ್ತಿದ್ದ. ಕರಡು ಪ್ರತಿ ನೋಡಿದವನೇ ತಲೆ ಅಲ್ಲಾಡಿಸಿದ್ದ.

"ಮೇಡಂ, ಅಪರೂಪದ ಗಿಡಗಳಿಗೆ ಜಾಗ ಹಾಕ್ಬೇಡಿ. ಕಿತ್ಕೊಂಡು ಹೋಗೋರು ಇರ್ತಾರೆ."

"ಜಾಗ ಹೇಳದಿದ್ರೆ ಇದೆ ಅಂತ ಯಾರು ನಂಬ್ತಾರೆ? ಬಂದು ನೋಡ್ಲಿ, ಪರೀಕ್ಷೆ ಮಾಡ್ಲಿ."

ಅಪರೂಪ ಎಂದರೆ ಮುಖ್ಯವಾಗಿ ಇನ್ನೂರ ಏಳನೆಯ ಪುಟದ ಗಿಡ. ಅದಕ್ಕೆ ಅವಳು ಒಂಟೆಲೆ ಎಂದು ಹೆಸರಿಟ್ಟಿದ್ದಳು. ನೆಲದಿಂದ ಮೊದಲು ಬರಿಯ ಹೂವು ಮೂಡುತ್ತದೆ, ಕಂದು ದಂಟಿನ ತುದಿಯಲ್ಲಿ ತಲೆತಗ್ಗಿಸಿದ ಒಂದೇ ಹೂವು. ಅದು ಬಾಡಿ ಮಣ್ಣಾದ ಮೇಲೆ, ಹೃದಯದಾಕಾರದ ಒಂದೇ ಒಂದು ಎಲೆ ಬರುತ್ತದೆ. ಹೂವಿಗೆ ಎಲೆಯ ಮುಖ ಗೊತ್ತಿಲ್ಲ, ಎಲೆಗೆ ಹೂವಿನದು ಗೊತ್ತಿಲ್ಲ. ನೆಲದೊಳಗೆ ಬಟಾಣಿಯಷ್ಟು ಬಿಳಿ ಗೆಡ್ಡೆ. ರೈಲು ನಿಂತು ಬಹಳ ಕಾಲವಾಗಿದ್ದ ಹಳೆಯ ಹಳಿಯ ಕೆಳಗಿನ ಇಳಿಜಾರಿನಲ್ಲಿ ಬಿಟ್ಟರೆ ಅದು ಸುತ್ತಮುತ್ತ ಬೇರೆಲ್ಲೂ ಇರಲಿಲ್ಲ. ಅಲ್ಲಿಯೂ ಇದ್ದದ್ದು ಅರವತ್ತೊಂದು.

ಪುಸ್ತಕ ಬಂದ ಎರಡನೆಯ ವರ್ಷ, ಎಲೆ ಬಿಡುವ ಕಾಲಕ್ಕೆ ಅವಳು ಎಣಿಸಲು ಹೋದಾಗ ಐವತ್ತೆರಡು ಮಾತ್ರ ಸಿಕ್ಕವು. ಉಳಿದ ಒಂಬತ್ತರ ಜಾಗದಲ್ಲಿ ಒಂಬತ್ತು ಗುಂಡಿಗಳು. ಪ್ರತಿಯೊಂದೂ ಲೋಟದ ಬಾಯಿಯಷ್ಟು ಅಗಲ, ಅಚ್ಚು ಒತ್ತಿದ ಹಾಗೆ ದುಂಡಗೆ, ಅಂಚು ನಯ. ಅವಳು ಮಂಡಿಯೂರಿ ಕೂತು ಒಂದೊಂದನ್ನೂ ಬೆರಳಿನಿಂದ ಸವರಿ ನೋಡಿದಳು. ಯಾರೋ ಆತುರವಿಲ್ಲದೆ, ಕೈನಡುಗದೆ ಮಾಡಿದ ಕೆಲಸ.

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಪಾತ್ರೆ ತೊಳೆಯುತ್ತಿದ್ದ. ತಿರುಗಿ ನೋಡಲಿಲ್ಲ.

"ಹೆಗ್ಗಣ ಇರಬಹುದು."

"ಹೆಗ್ಗಣ ಕೈವಾರ ಹಿಡ್ಕೊಂಡು ವೃತ್ತ ಎಳೀತಾವಾ?"

"ಹಾಗಾದ್ರೆ ಯಾರೋ ಗಿಡದ ಹುಚ್ಚಿನವರು. ಬಿಡು, ಇನ್ನೂ ಐವತ್ತೆರಡು ಇವೆಯಲ್ಲ."

ಮುಂದಿನ ಭಾನುವಾರಕ್ಕೆ ನಲವತ್ತೈದಾದವು. ಅದರ ಮುಂದಿನ ವಾರ ಮೂವತ್ತೇಳು.

ಆಮೇಲೆ ಅವಳ ಊಟ ನಿದ್ದೆ ಎರಡೂ ಕೆಟ್ಟವು. ಕಳ್ಳ ಪುಸ್ತಕ ಓದಿದವನು, ನಕ್ಷೆ ಅರ್ಥವಾಗುವವನು, ಒಂಟೆಲೆಯ ಬೆಲೆ ತಿಳಿದವನು. ಅಂಥವರು ಊರಿನಲ್ಲಿ ಎಷ್ಟು ಜನ? ರಸಾಯನಶಾಸ್ತ್ರದ ಮೇಷ್ಟ್ರು ಇದ್ದಕ್ಕಿದ್ದಂತೆ ಸ್ಟಾಫ್ ರೂಮಿನ ಕಿಟಕಿಯಲ್ಲಿ ಕುಂಡಗಳನ್ನಿಡಲು ಶುರುಮಾಡಿದ್ದರು. ಇಪ್ಪತ್ತು ವರ್ಷ ಗಿಡವೆಂದರೆ ಮೂಗು ಮುರಿಯುತ್ತಿದ್ದವರಿಗೆ ಈಗೇನು ಪ್ರೀತಿ? ತಂಗಿಯ ಗಂಡ ಒಂಟೆಲೆಯ ಫೋಟೊವನ್ನು ಯಾವುದೋ ದೂರದ ಗಿಡಪ್ರಿಯರ ಸಂಘಕ್ಕೆ ಕಳಿಸಿ, ಅಲ್ಲಿಂದ ಬಂದ ಹೊಗಳಿಕೆಯ ಕಾಗದವನ್ನು ಫ್ರೇಮು ಹಾಕಿಸಿದ್ದ. ಇನ್ನು ನರ್ಸರಿಯವನು. ಜಾಗ ಹಾಕಬೇಡಿ ಎಂದವನು ಅವನೇ. ಉಳಿದವರು ಬರದಿರಲಿ, ತನಗೊಬ್ಬನಿಗೇ ಸಿಗಲಿ ಎಂಬ ಲೆಕ್ಕಾಚಾರವಿರಬಹುದಲ್ಲ? ಆಗ ಕಾಳಜಿಯಾಗಿ ಕೇಳಿಸಿದ್ದ ಮಾತು ಈಗ ತಿರುಗಿಸಿ ನೋಡಿದರೆ ಬೇರೆಯೇ ಕಾಣುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟವಳು ಸೀದಾ ನರ್ಸರಿಗೆ ಹೋದಳು. ಹಸಿರು ಬಲೆಯ ನೆರಳಿನಲ್ಲಿ, ಒಂದು ಕುಂಡದಲ್ಲಿ, ಹೃದಯದಾಕಾರದ ಎಳೆಯ ಎಲೆಯೊಂದು ನೆಲಕ್ಕೆ ಅಂಟಿಕೊಂಡಂತೆ ಕೂತಿತ್ತು. ಅವಳ ರಕ್ತ ತಲೆಗೇರಿತು. ಗಿರಾಕಿಗಳಿಬ್ಬರು ಅಲ್ಲೇ ಗೊಬ್ಬರದ ಚೀಲ ನೋಡುತ್ತಿದ್ದರು. ಅದನ್ನೂ ಲೆಕ್ಕಿಸಲಿಲ್ಲ.

"ಇದನ್ನ ಎಲ್ಲಿಂದ ಕಿತ್ತೆ?"

ನರ್ಸರಿಯವನಿಗೆ ಮೊದಲು ಅರ್ಥವಾಗಲಿಲ್ಲ. "ಯಾವುದು ಮೇಡಂ?"

"ನಾಟಕ ಬೇಡ. ಹಳಿ ಪಕ್ಕದಲ್ಲಿ ಇಪ್ಪತ್ತನಾಲ್ಕು ಗಿಡ ಹೋಗಿವೆ. ನನ್ನ ಪುಸ್ತಕಾನೇ ಹಿಡ್ಕೊಂಡು ಕದಿಯೋಕೆ ಹೋಗಿದ್ದೀಯಲ್ಲ, ನಾಚಿಕೆ ಆಗಲ್ವಾ ನಿನಗೆ?"

ಅವನ ಮುಖ ಕಪ್ಪಿಟ್ಟಿತು. ಗಿರಾಕಿಗಳು ಚೀಲ ಬಿಟ್ಟು ಇತ್ತ ತಿರುಗಿದರು. ಅವನು ಕುಂಡವನ್ನು ಎತ್ತಿ, ಬೋರಲು ಹಾಕಿ, ಮಣ್ಣು ಕೊಡವಿ ಗಿಡವನ್ನು ಅವಳ ಅಂಗೈ ಮೇಲಿಟ್ಟ. ಗೆಡ್ಡೆ ಇರಲಿಲ್ಲ. ಕೂದಲಿನಂಥ ಬೇರುಗಳ ಗೊಂಚಲಿತ್ತು, ಪಕ್ಕದಿಂದ ಮತ್ತೆರಡು ಎಲೆಗಳು ಮೊಳಕೆಯೊಡೆಯುತ್ತಿದ್ದವು. ಚರಂಡಿಯ ಪಕ್ಕದಲ್ಲಿ ಎಲ್ಲೆಂದರಲ್ಲಿ ಹಬ್ಬುವ ಕಾಡುಕಳೆ, ಖಾಲಿ ಕುಂಡದಲ್ಲಿ ತಾನಾಗಿ ಹುಟ್ಟಿದ್ದು.

"ಬೇರು ನೋಡದೆ ಹೆಸರು ಹೇಳ್ಬೇಡ ಅಂತ ನಮಗೆ ಕಲಿಸಿದ್ದು ಯಾರು ಮೇಡಂ?"

ಅಲ್ಲಿಗೆ ನಿಲ್ಲಿಸಬಹುದಿತ್ತು. ಕ್ಷಮಿಸು ಎಂಬ ಮಾತು ಗಂಟಲ ತನಕ ಬಂದಿತ್ತು. ಆದರೆ ಅನುಮಾನಕ್ಕೆ ಒಮ್ಮೆ ಕಾಲು ಬಂದರೆ ಅದು ಹೇಳಿದ ಕಡೆ ನಿಲ್ಲುವುದಿಲ್ಲ. "ಇಲ್ಲಿ ಇಟ್ಟಿಲ್ಲ ಅಂದ ಮಾತ್ರಕ್ಕೆ ಬೇರೆಲ್ಲೂ ಇಟ್ಟಿಲ್ಲ ಅಂತ ಹೇಗೆ ನಂಬೋದು?" ಎಂದುಬಿಟ್ಟಳು.

"ನಂಬ್ಬೇಡಿ. ಈಗ ಹೋಗಿ ಮೇಡಂ. ಗಿರಾಕಿಗಳು ಕಾಯ್ತಿದ್ದಾರೆ."

ಮನೆಗೆ ಬರುವ ದಾರಿಯುದ್ದಕ್ಕೂ ಆ ಕಳೆಗಿಡ ಅವಳ ಕೈಯಲ್ಲೇ ಇತ್ತು. ತಾನೇ ಮೋಸಹೋದಷ್ಟು ಹೋಲಿಕೆ. ಹಾಗಾದರೆ ಕಳ್ಳನೂ ಮೋಸಹೋಗಬಹುದು. ಅಲ್ಲಿಂದ ಅವಳ ತಲೆ ಲ್ಯಾಬಿನ ತಲೆಯಾಯಿತು. ನಾಲ್ಕು ಜಾಗ, ನಾಲ್ಕು ಜನ, ಪ್ರತಿಯೊಬ್ಬರಿಗೂ ಬೇರೆ ಬೇರೆ ಜಾಗ ಹೇಳುವುದು. ಎಲ್ಲಿ ಗುಂಡಿ ಬೀಳುತ್ತದೋ ಅಲ್ಲಿಗೆ ಉತ್ತರ ಸಿಗುತ್ತದೆ.

ಮೂರು ಸಂಜೆ ಅವಳು ಚರಂಡಿ ಬದಿಯಿಂದ ಕಳೆ ಕಿತ್ತು, ಪ್ರತಿ ಗಿಡದಲ್ಲೂ ಒಂದೇ ಎಲೆ ಉಳಿಸಿ ಮಿಕ್ಕದ್ದನ್ನು ಉಗುರಿನಿಂದ ಚಿವುಟಿ, ಒಂದೊಂದು ಜಾಗದಲ್ಲಿ ಹನ್ನೆರಡರಂತೆ ನೆಟ್ಟಳು. ಮೇಷ್ಟ್ರಿಗೆ ಸ್ಟಾಫ್ ರೂಮಿನಲ್ಲಿ, ಚಹಾ ಆರಿಸುತ್ತ, "ನೀರಿನ ಟ್ಯಾಂಕಿನ ಹಿಂದೆ ಇನ್ನೊಂದಿಷ್ಟು ಒಂಟೆಲೆ ಸಿಕ್ಕಿವೆ" ಎಂದಳು. ತಂಗಿಗೆ ಫೋನು ಮಾಡಿ, "ನಿಮ್ಮನೆಯವರಿಗೆ ಹೇಳು, ಕಲ್ಲಿನ ಸೇತುವೆ ಕೆಳಗಿವೆ" ಎಂದಳು. ನರ್ಸರಿಯವನೊಡನೆ ಮಾತು ನಿಂತಿತ್ತು. ಅವನಿಗೊಂದು ಕಾಗದ ಬರೆದಳು. ದುಡುಕಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಎರಡು ಸಾಲು. ಮೂರನೆಯ ಸಾಲಿನಲ್ಲಿ, ಅಂದಹಾಗೆ ಇಟ್ಟಿಗೆ ಗೂಡಿನ ಬಳಿಯೂ ಒಂಟೆಲೆ ಕಂಡೆ ಎಂದು. ಕ್ಷಮೆಯ ಕಾಗದದೊಳಗೇ ಬಲೆ ಇಟ್ಟಿದ್ದು ಬರೆಯುವಾಗ ಅವಳಿಗೆ ಚುಚ್ಚಿತು. ಆದರೂ ಅಂಟಿಸಿ ಟಪಾಲಿಗೆ ಹಾಕಿದಳು.

ನಾಲ್ಕನೆಯ ಜಾಗ ಗಂಡನದು. ಅವನ ಮೇಲೆ ಅನುಮಾನವಿರಲಿಲ್ಲ. ಯಾವ ಪ್ರಯೋಗದಲ್ಲೂ ಹೋಲಿಸಿ ನೋಡಲು ಒಂದು ಸಾದಾ ತಟ್ಟೆ ಇರಬೇಕು, ಅದರಲ್ಲಿ ಏನೂ ಆಗುವುದಿಲ್ಲವೆಂದು ಮೊದಲೇ ಗೊತ್ತಿರುತ್ತದೆ ಎಂದು ವರ್ಷವರ್ಷವೂ ಮಕ್ಕಳಿಗೆ ಹೇಳಿಕೊಟ್ಟವಳು ಅವಳು. ಊಟಕ್ಕೆ ಕೂತಾಗ ಅವನಿಗೂ ಹೇಳಿದಳು.

"ಹಳೆ ಸಿಗ್ನಲ್ ಕಂಬದ ಹತ್ರ ಹನ್ನೆರಡು ಸಿಕ್ಕಿವೆ ರೀ."

"ಹಳಿಗಿಂತ ಕೆಳಗಾ, ಮೇಲಾ?"

"ಕೆಳಗೆ. ಯಾಕೆ?"

"ಸುಮ್ನೆ ಕೇಳಿದೆ" ಎಂದು ಅವನು ನೀರು ಕುಡಿದ.

ಹತ್ತು ದಿನ ಬಿಟ್ಟು ನಾಲ್ಕೂ ಜಾಗಗಳಿಗೆ ಹೋದಳು. ಟ್ಯಾಂಕಿನ ಹಿಂದೆ ಹನ್ನೆರಡಕ್ಕೆ ಹನ್ನೆರಡೂ ಇದ್ದವು. ಇಟ್ಟಿಗೆ ಗೂಡಿನ ಬಳಿಯೂ ಹಾಗೆಯೇ. ಸೇತುವೆಯ ಕೆಳಗೆ ಮಣ್ಣಿನಲ್ಲಿ ಮೂರು ಚುಕ್ಕೆಗಳು, ಕ್ಯಾಮೆರಾದ ಮೂರು ಕಾಲಿನ ಗುರುತು. ಗಿಡಗಳು ಮಾತ್ರ ಎಲ್ಲವೂ ಇದ್ದವು. ಸಿಗ್ನಲ್ ಕಂಬದ ಬಳಿ ಏಳು ಗಿಡ, ಐದು ಗುಂಡಿ. ಲೋಟದ ಬಾಯಿಯಷ್ಟು, ದುಂಡಗೆ, ನಯವಾಗಿ.

ಅವಳು ಕಂಬಕ್ಕೆ ಒರಗಿ ಕೂತಳು. ಮೊದಲು ಅನಿಸಿದ್ದು, ಇವರು ಯಾರಿಗೋ ಬಾಯಿಬಿಟ್ಟಿದ್ದಾರೆ. ಆಫೀಸಿನವರಿಗೆ? ತಂಗಿಯ ಗಂಡನಿಗೆ? ಅನುಮಾನ ಬೇರೆ ಯಾರ ತಲೆಗಾದರೂ ಕಟ್ಟಲು ದಾರಿ ಹುಡುಕುತ್ತಿತ್ತು. ಆಮೇಲೆ ಅಡುಗೆಮನೆಯ ಕಪಾಟು ಕಣ್ಣಮುಂದೆ ಬಂತು. ಆರು ಸ್ಟೀಲಿನ ಲೋಟಗಳಿದ್ದವು. ಒಂದೆರಡು ತಿಂಗಳಿಂದ ಐದೇ ಸಿಗುತ್ತಿದ್ದವು. ಕೆಲಸದ ಗಡಿಬಿಡಿಯಲ್ಲಿ ಎಲ್ಲೋ ಬಿದ್ದಿರಬೇಕೆಂದು ಸುಮ್ಮನಾಗಿದ್ದಳು. ಭಾನುವಾರ ಬೆಳಿಗ್ಗೆ ಗಂಡ ವಾಕಿಂಗಿಗೆಂದು ಹೋಗುತ್ತಿದ್ದ. ಎಂದೂ ಇಲ್ಲದ್ದು, ಈ ವರ್ಷ ಶುರುವಾದದ್ದು. ಆರೋಗ್ಯಕ್ಕೆ ಒಳ್ಳೆಯದೆಂದು ಅವಳೇ ಹೊಸ ಬೂಟು ಕೊಡಿಸಿದ್ದಳು.

ಆ ದಿನ ಮನೆಯಲ್ಲಿ ಏನೂ ಕೇಳಲಿಲ್ಲ. ಅವನು ಬಡಿಸಿದ್ದನ್ನು ತಿಂದಳು, ಅವನು ಹೇಳಿದ ತಮಾಷೆಗೆ ತುಟಿ ಅಗಲಿಸಿದಳು. ಇಪ್ಪತ್ತಾರು ವರ್ಷ ಜೊತೆಗಿದ್ದ ಮನುಷ್ಯನನ್ನು ಮೊದಲ ಬಾರಿ ಹೊಸ ಗಿಡ ನೋಡುವಂತೆ ನೋಡಿದಳು. ಯಾವ ಗುರುತಿನಿಂದ ಇವನು ಇವನೇ ಎಂದು ಹೇಳುವುದು?

ಸೋಮವಾರ ಮಧ್ಯಾಹ್ನದ ಬಿಡುವಿನಲ್ಲಿ ಅವನ ಆಫೀಸಿಗೆ ಹೋದಳು. ನಕ್ಷೆಯ ಕೋಣೆಯಲ್ಲಿ ಓರೆ ಮೇಜುಗಳ ಸಾಲು. ಅವನ ಸ್ಟೂಲು ಖಾಲಿ. ಬಾಗಿಲ ಬಳಿ ಬುತ್ತಿ ಬಿಚ್ಚುತ್ತಿದ್ದ ಗುಮಾಸ್ತ, "ಸಾರ್ ಹಿಂದಿನ ಶೆಡ್ಡಲ್ಲಿ ಇರ್ತಾರೆ. ಈ ಹೊತ್ತಿಗೆ ಗಿಡಕ್ಕೆ ನೀರು ಹಾಕೋದು ದಿನಾ ಇದ್ದಿದ್ದೇ" ಎಂದ. ಅವಳು ಹೊರಡುವ ಮೊದಲು ಮೇಜಿನ ಮೇಲೆ ಕಣ್ಣು ಹಾಯಿಸಿದಳು. ದೊಡ್ಡ ಹಾಳೆಯ ಮೇಲೆ ಹಳೆಯ ಹಳಿ, ಸಿಗ್ನಲ್ ಕಂಬ, ಇಳಿಜಾರು. ಅಕ್ಷರಗಳು ಅವಳ ಪುಸ್ತಕದ ನಕ್ಷೆಗಳ ಅಕ್ಷರಗಳೇ, ಅದೇ ಸಣ್ಣ ಬಾಲದ ಕೊಂಬು. ಇಳಿಜಾರಿನ ನಡುವೆ, ಒಂಟೆಲೆಯ ನೆತ್ತಿಯ ಮೇಲೆಯೇ, ಎರಡು ಕೆಂಪು ಗೆರೆಗಳು ಜೊತೆಜೊತೆಗೆ ಹಾದುಹೋಗಿದ್ದವು. ಹೊಸ ರಸ್ತೆ.

ಶೆಡ್ಡಿನಲ್ಲಿ ತುಕ್ಕು ಹಿಡಿದ ರೋಲರು, ಡಾಂಬರಿನ ಖಾಲಿ ಪೀಪಾಯಿಗಳು. ಗೋಡೆಯ ಪಕ್ಕ ಮರದ ಪೆಟ್ಟಿಗೆಗಳಲ್ಲಿ ಮಣ್ಣು, ಮಣ್ಣಿನಲ್ಲಿ ಹಳದಿಯಾಗಿ ಮಗುಚಿಕೊಂಡ ಎಲೆಗಳು. ಪ್ರತಿ ಎಲೆಯ ಪಕ್ಕ ಒಂದು ಕಡ್ಡಿ, ಕಡ್ಡಿಯ ಮೇಲೆ ತಾರೀಖು. ಗಂಡ ಸ್ಟೀಲಿನ ಲೋಟದಿಂದ ನೀರು ಹನಿಸುತ್ತಿದ್ದ. ಅವಳನ್ನು ಕಂಡು ಲೋಟ ಕೆಳಗಿಟ್ಟ.

"ಎಷ್ಟು ದಿನದಿಂದ ಗೊತ್ತು ನಿಮಗೆ?"

"ರಸ್ತೆನಾ? ಎಂಟು ತಿಂಗಳಾಯ್ತು."

"ಎಂಟು ತಿಂಗಳು ನನ್ನ ಪಕ್ಕದಲ್ಲಿ ಕೂತು ಊಟ ಮಾಡಿದ್ರಿ."

"ಆ ಗೆರೆ ಎಳೆದಿದ್ದು ನಾನು. ಬೇರೆ ಯಾರೋ ಎಳೆದಿದ್ರೆ ಬಂದು ಹೇಳ್ತಿದ್ದೆ. ನನ್ನ ಕೈಯ್ಯಾರೆ ಎಳೆದು, ನಿನ್ನ ಎದುರಿಗೆ ನಿಂತು ಏನಂತ ಹೇಳ್ಲಿ?"

"ಅದಕ್ಕೆ ಹೋಗಿ ಕೊಂದು ಹಾಕಿದ್ರಾ?"

"ಉಳಿಸೋಣ ಅಂತ ತಂದೆ. ನೀನೇ ಬರ್ದಿದ್ದೀಯಲ್ಲ, ಅಂಗೈಯಷ್ಟು ಮಣ್ಣಿನಲ್ಲೂ ಬದುಕಬಲ್ಲದು ಅಂತ. ಇನ್ನೂರ ಏಳನೇ ಪುಟ. ಅದನ್ನ ನೋಡ್ಕೊಂಡೇ ಲೋಟದಷ್ಟು ಮಣ್ಣು ಸಮೇತ ತೆಗೆದೆ."

ಬರೆದದ್ದು ನಿಜ. ಬಂಡೆಯ ಸಂದಿಯಲ್ಲಿ ಬೆಳೆದಿದ್ದ ಒಂದು ಗಿಡವನ್ನು ಕಂಡ ಖುಷಿಯಲ್ಲಿ, ಪರೀಕ್ಷಿಸದೆ, ಚೆಂದ ಕಂಡಿತೆಂದು ಬರೆದಿದ್ದ ಒಂದೇ ಒಂದು ವಾಕ್ಯ. ಮುನ್ನೂರ ಹನ್ನೆರಡು ಗಿಡಗಳ ಬಗ್ಗೆ ಎಲ್ಲರನ್ನೂ ಕೆದಕಿ ಕೇಳಿದವಳು ತನ್ನ ಆ ವಾಕ್ಯವನ್ನು ಮಾತ್ರ ಕೇಳಿರಲಿಲ್ಲ. ಸುತ್ತಲಿನ ಮಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಶಿಲೀಂಧ್ರದ ಎಳೆಗಳು ಹಬ್ಬಿ ಆ ಗೆಡ್ಡೆಗೆ ಉಣಿಸುತ್ತವೆ, ಅವನ್ನು ಕತ್ತರಿಸಿದರೆ ಗಿಡ ಉಪವಾಸ ಬಿದ್ದು ಸಾಯುತ್ತದೆ ಎಂದು ಅವಳಿಗೆ ಈಗ, ಈ ಹಳದಿ ಎಲೆಗಳ ಎದುರು ಹೊಳೆಯುತ್ತಿತ್ತು.

ಅವನು ಕೊನೆಯ ಪೆಟ್ಟಿಗೆಯನ್ನು ಮುಂದಕ್ಕೆ ಎಳೆದ. ಅವನ ದನಿಯಲ್ಲಿ ಸ್ವಲ್ಪ ಹುರುಪಿತ್ತು.

"ಎಲ್ಲಾ ಸತ್ತಿಲ್ಲ. ಸಿಗ್ನಲ್ ಕಂಬದ ಹತ್ರದ್ದು ನೋಡು, ಐದಕ್ಕೆ ಐದೂ ಹೇಗೆ ಚಿಗುರಿವೆ. ಒಂದೊಂದಕ್ಕೂ ನಾಲ್ಕು ನಾಲ್ಕು ಎಲೆ."

ಅವಳು ಆ ಕಳೆಗಿಡಗಳನ್ನು ನೋಡಿದಳು. ನಗಬೇಕೆನಿಸಿತು. ಬಂದದ್ದು ಅಳು.

ಮೂರು ವಾರ ಮನೆಯಲ್ಲಿ ಉಪ್ಪು ಎಲ್ಲಿ, ಬೀಗ ಎಲ್ಲಿ ಎನ್ನುವಷ್ಟೇ ಮಾತು. ಅವನ ಮೇಲಿನ ಸಿಟ್ಟಿಗಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ಹಳೆಯ ದಿನಗಳು. ಇದೊಂದನ್ನು ಮುಚ್ಚಿಟ್ಟವನು ಇನ್ನೇನನ್ನು ಮುಚ್ಚಿಟ್ಟಿರಬಹುದು? ಆ ವರ್ಷ ತಡವಾಗಿ ಬಂದದ್ದು, ಈ ವರ್ಷ ಪ್ರವಾಸ ಬೇಡವೆಂದದ್ದು, ಒಂದೊಂದನ್ನೂ ಎತ್ತಿ ಬೆನ್ನು ತಿರುಗಿಸಿ ನೋಡಿದಳು. ಏನೂ ಸಿಗಲಿಲ್ಲ. ಸಿಗಲಿಲ್ಲವೆಂಬುದು ಸಮಾಧಾನವನ್ನೂ ಕೊಡಲಿಲ್ಲ.

ಕೊನೆಗೆ ಬಾಯಿಬಿಟ್ಟವನು ಅವನೇ. ಒಂದು ಬೆಳಿಗ್ಗೆ ಸುರುಳಿ ಸುತ್ತಿದ ಹಾಳೆಯನ್ನು ಅವಳ ಮುಂದೆ ಬಿಚ್ಚಿದ. ರಸ್ತೆಯನ್ನು ಹಳೆಯ ಹಳಿಯ ಮೇಲೆಯೇ ಒಯ್ಯುವ ಇನ್ನೊಂದು ಗೆರೆ. "ಇವತ್ತು ಇಂಜಿನಿಯರಿಗೆ ಕೊಡ್ತೀನಿ. ಬೈದ್ರೆ ಬೈಸಿಕೊಳ್ತೀನಿ. ಆದರೆ ಮೊದ್ಲು ನೀನು ನೋಡು. ಅಳತೆ ತಪ್ಪಿದ್ರೆ ಹೇಳು." ಅವಳು ಅಳತೆಪಟ್ಟಿ ಹಿಡಿದು ಒಂದು ಗಂಟೆ ಕೂತಳು. ಒಂದು ತಿರುವಿನಲ್ಲಿ ತಪ್ಪು ಹಿಡಿದಳು. ಅವನು ತಿದ್ದಿದ.

ಇಂಜಿನಿಯರು ಒಪ್ಪಲಿಲ್ಲ. ಹಳಿಯ ದಿಬ್ಬ ಲಾರಿಗಳ ಭಾರ ತಡೆಯುವುದಿಲ್ಲ ಎಂದರು. ಅವಳೇ ಹೋಗಿ ಮೂರು ಸಲ ವಾದಿಸಿದಳು, ಮಣ್ಣಿನ ಪರೀಕ್ಷೆಯ ಕಾಗದ ಕೇಳಿದಳು, ತೋರಿಸಿದಾಗ ಓದಿ ಬಾಯಿ ಮುಚ್ಚಿಕೊಂಡಳು. ಇಂಜಿನಿಯರು ಹೇಳಿದ್ದು ಸರಿಯಾಗಿತ್ತು. ಸಿಕ್ಕಿದ್ದು ನಾಲ್ಕು ತಿಂಗಳ ಗಡುವು, ಎಲೆ ಒಣಗಿ ಗೆಡ್ಡೆ ನಿದ್ದೆ ಹೋಗುವ ತನಕ. ಅದೇ ಕಾಲಕ್ಕೆ, ಮೊಳದಷ್ಟು ಆಳದ ಮಣ್ಣಿನ ಹೆಂಟೆ ಸಮೇತ ಎತ್ತಿ ಬೇರೆಡೆಗೆ ಇಟ್ಟರೆ ಉಳಿಯಬಹುದೇನೋ. ಆ ಕೆಲಸ ಗೊತ್ತಿದ್ದವನು ಊರಿನಲ್ಲಿ ಒಬ್ಬನೇ.

ನರ್ಸರಿಯವನು ಸಸಿಗಳನ್ನು ಬದಲಿಸುತ್ತಿದ್ದ. ಕೂತುಕೊಳ್ಳಿ ಎನ್ನಲಿಲ್ಲ. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಗಂಡ, ಶೆಡ್ಡು, ಪುಸ್ತಕದ ತಪ್ಪು, ಒಂದನ್ನೂ ಬಿಡಲಿಲ್ಲ. ಅವನು ಕೈ ನಿಲ್ಲಿಸಲಿಲ್ಲ.

"ನಿಮ್ಮ ಕಾಗದ ಬಂದ ಮಾರನೇ ದಿನಾನೇ ಇಟ್ಟಿಗೆ ಗೂಡಿನ ಹತ್ರ ಹೋಗಿದ್ದೆ ಮೇಡಂ. ಖುಷಿಯಾಗಿ ಹೋಗಿದ್ದೆ. ನೋಡಿದ ತಕ್ಷಣ ಕಳೆ ಅಂತ ಗೊತ್ತಾಯ್ತು. ಎಲೆ ಚಿವುಟಿದ ಗಾಯ ಇನ್ನೂ ಹಸಿ ಇತ್ತು. ನನ್ನ ಪರೀಕ್ಷೆ ಮಾಡಿದ್ರಿ, ಅಲ್ವಾ?"

"ಹೌದು."

"ಪಾಸಾದ್ನಾ?"

ಅವಳು ತಲೆ ಎತ್ತಲಿಲ್ಲ. "ಫೇಲಾಗಿದ್ದು ನಾನಪ್ಪ. ತಪ್ಪಾಯ್ತು."

ಅವನು ಕೈಯಲ್ಲಿದ್ದ ಸಸಿಯನ್ನು ಹೊಸ ಕುಂಡಕ್ಕಿಟ್ಟು ಮಣ್ಣು ಒತ್ತಿ, "ಬರ್ತೀನಿ. ಗಿಡಕ್ಕೋಸ್ಕರ ಬರ್ತೀನಿ. ನಿಮಗೋಸ್ಕರ ಅಲ್ಲ" ಎಂದ.

ಮೂವತ್ತೇಳು ಹೆಂಟೆಗಳನ್ನು ತಗಡಿನ ಹಾಳೆ ಇಳಿಸಿ ಎತ್ತಲು ಆರು ದಿನ ಬೇಕಾಯಿತು. ನರ್ಸರಿಯವನು ಹೇಳಿದಂತೆ ಗಂಡ ಗುದ್ದಲಿ ಹಿಡಿದ. ಮೇಷ್ಟ್ರು ಸಹ ಒಂದು ದಿನ ಬಂದು, ಬೆನ್ನು ಹಿಡಿದುಕೊಂಡು, ಕಿಟಕಿಯ ಕುಂಡಗಳು ತಮ್ಮವಲ್ಲ, ತವರಿಗೆ ಹೋದ ಹೆಂಡತಿ ನೀರು ಹಾಕಲು ಒಪ್ಪಿಸಿ ಹೋದವು ಎಂಬ ಸತ್ಯವನ್ನು ತಾವಾಗಿಯೇ ಹೇಳಿದರು. ಪಂಪ್‌ಹೌಸಿನ ಹಿಂದಿನ ಇಳಿಜಾರು, ಅದೇ ದಿಕ್ಕು, ಅದೇ ನೆರಳು. ಅಲ್ಲಿಗೆ ಒಂಟೆಲೆ ಹೋಯಿತು. ಶೆಡ್ಡಿನ ಇಪ್ಪತ್ತನಾಲ್ಕರಲ್ಲಿ ಬದುಕಿದ್ದ ಮೂರನ್ನೂ ಜೊತೆಗಿಟ್ಟರು.

ಮೊದಲ ವರ್ಷ ಒಂದೂ ಮೇಲೆ ಬರಲಿಲ್ಲ. ಹಳೆಯ ಇಳಿಜಾರಿನ ಮೇಲೆ ಲಾರಿಗಳು ಓಡಾಡತೊಡಗಿದ್ದವು. ಅವಳು ಬರಿಯ ಮಣ್ಣನ್ನು ನೋಡುತ್ತ ನಿಂತಾಗ, ನರ್ಸರಿಯವನು ಸೇಡಿಗೆ ಏನಾದರೂ ಮಾಡಿದನೇ ಎಂಬ ಯೋಚನೆ ಹಾವಿನಂತೆ ಹರಿದುಹೋಯಿತು. ತನ್ನ ಬಗ್ಗೆಯೇ ಹೇಸಿಕೆಯಾಗಿ ಮನೆಗೆ ಬಂದು ಗಂಡನಿಗೆ ಹೇಳಿದಳು. "ನನಗೆ ಈ ರೋಗ ವಾಸಿಯಾಗಲ್ಲ ರೀ." ಅವನು, "ಯೋಚನೆ ಬಂದ್ರೆ ಬರ್ಲಿ. ಈ ಸಲ ಅವನ ಅಂಗಡಿಗೆ ಹೋಗಿ ಕೂಗಾಡ್ಲಿಲ್ಲವಲ್ಲ" ಎಂದ.

ಎರಡನೆಯ ವರ್ಷ ಆರು ಹೂವು ಬಂದವು. ಅದೇ ವರ್ಷ ಪುಸ್ತಕದ ಹೊಸ ಆವೃತ್ತಿ ಬಂತು. ಅಪರೂಪದ ಗಿಡಗಳ ನಕ್ಷೆಗಳಿರಲಿಲ್ಲ. ಅಂಗೈಯಷ್ಟು ಮಣ್ಣಿನ ವಾಕ್ಯದ ಜಾಗದಲ್ಲಿ, ಕಿತ್ತರೆ ಸಾಯುತ್ತದೆ, ಹಿಂದಿನ ಆವೃತ್ತಿಯ ಮಾತು ನನ್ನ ತಪ್ಪು ಎಂದಿತ್ತು. ಮುನ್ನುಡಿಯಲ್ಲಿ ನರ್ಸರಿಯವನ ಮೇಲೆ ತಾನು ಹೊರಿಸಿದ ಕಳವಿನ ಕತೆಯನ್ನು, ಅದು ಸುಳ್ಳೆಂಬುದನ್ನು ಬರೆದಿದ್ದಳು. ಪ್ರಕಾಶಕರು ಇದು ಬೇಕೇ ಎಂದರು. ಗಿರಾಕಿಗಳೆದುರು ಹೇಳಿದ್ದನ್ನು ಓದುಗರೆದುರೇ ತೆಗೆಯಬೇಕು ಎಂದಳು. ಬಿಡುಗಡೆಗೆ ಅವನು ಬರಲಿಲ್ಲ. ಆದರೆ ಮುಂದಿನ ವಾರದಿಂದ ದಾರಿಯಲ್ಲಿ ಸಿಕ್ಕರೆ ಸೈಕಲ್ಲು ಇಳಿದು ಎರಡು ಮಾತಾಡತೊಡಗಿದ.

ನಿವೃತ್ತಿಯಾದ ಮೇಲೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಎಣಿಸಲು ಹೋಗುತ್ತಾರೆ. ಅವಳು ಮೇಲಿನಿಂದ, ಅವನು ಕೆಳಗಿನಿಂದ. ಕಳೆದ ಸಲ ಹೂವಿನ ಕಾಲದಲ್ಲಿ ಅವಳಿಗೆ ಹತ್ತೊಂಬತ್ತು ಬಂತು, ಅವನಿಗೆ ಇಪ್ಪತ್ತು.

"ಎರಡು ಸಲ ಎಣಿಸಿದ್ದೀರಿ ಒಂದನ್ನ."

"ಬಾ ತೋರಿಸ್ತೀನಿ."

ದೊಡ್ಡ ಕಲ್ಲಿನ ಹಿಂದೆ, ಯಾವ ಹೆಂಟೆಯನ್ನೂ ಇಡದ ಜಾಗದಲ್ಲಿ, ಬೆರಳುದ್ದದ ಕಂದು ದಂಟು. ತುದಿಯಲ್ಲಿ ತಲೆತಗ್ಗಿಸಿದ ಹೂವು. ಅವಳು ಮಂಡಿಯೂರಿ ಸುತ್ತಲಿನ ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿದಳು. ಗಟ್ಟಿಯಾಗಿತ್ತು, ಪಾಚಿ ಮುಚ್ಚಿತ್ತು, ಯಾರೂ ಅಗೆದ ಗುರುತಿಲ್ಲ.

"ನೀವು ನೆಟ್ಟಿದ್ದಲ್ಲ ತಾನೇ?"

"ಅಲ್ಲ."

ಅವಳು ಅವನ ಉಗುರುಗಳನ್ನು ನೋಡಿದಳು. ಅವನು ನಗುತ್ತ ಎರಡೂ ಕೈ ಮುಂದೆ ಚಾಚಿದ. ಅವಳು ಟಿಪ್ಪಣಿ ಪುಸ್ತಕ ತೆಗೆದು ಹತ್ತೊಂಬತ್ತನ್ನು ಹೊಡೆದುಹಾಕಿ, ಪಕ್ಕದಲ್ಲಿ ಇಪ್ಪತ್ತು ಎಂದು ಪೆನ್ಸಿಲಿನಲ್ಲಿ ಬರೆದಳು.